ಸ್ಕೋಪಿನೊಳಗೊಂದು ನೊಣ

“ಉಸ್ತಾದ್, ಇದರೊಳಗೆ ನೊಣ ಸೇರಿಕೊಂಡಿದೆ” ಎಂದು ಯಜಮಾನರು ರೈಫಲನ್ನು ಮೇಜಿನ ಮೇಲಿಟ್ಟು ಎದ್ದರು.

ಬೆಳಗಿನ ಬಿಸಿಲು ಆಗಷ್ಟೇ ಗುರಿಹಲಗೆಗಳ ಹಿಂದಿನ ಮಣ್ಣಿನ ದಿಬ್ಬವನ್ನು ಮುಟ್ಟಿತ್ತು. ನಾನು ಬೋಲ್ಟ್ ಹಿಂದಕ್ಕೆಳೆದೆ. ಒಳಗೆ ಗುಂಡಿಲ್ಲವೆಂದು ಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಂಡು ಸ್ಕೋಪಿಗೆ ಕಣ್ಣಿಟ್ಟೆ. ನೂರು ಮೀಟರ್ ದೂರದ ಹಲಗೆ, ಅದಕ್ಕೆ ಅಂಟಿಸಿದ ಕಾಗದ, ಕಾಗದದ ನಡುವಿನ ಕಪ್ಪು ವೃತ್ತ, ಎಲ್ಲವೂ ತೊಳೆದಿಟ್ಟಂತೆ ಕಾಣುತ್ತಿದ್ದವು. ನೊಣ ಎಲ್ಲೂ ಇರಲಿಲ್ಲ.

“ಏನೂ ಇಲ್ಲವಲ್ಲ ಸರ್.”

“ಇದೆ. ನೋಡಲು ಹೋದರೆ ಓಡಿಹೋಗುತ್ತದೆ” ಎಂದು ಅವರು ನಕ್ಕರು. ನಾನೂ ನಕ್ಕೆ.

ದೋಹಾದಲ್ಲಿ ಏಷ್ಯನ್ ಗೇಮ್ಸ್ ಮುಗಿದ ಮರುವರ್ಷದ ಬೇಸಿಗೆ ಅದು. ಅಲ್ ಖೋರ್ ರಸ್ತೆಯಿಂದ ಸ್ವಲ್ಪ ಒಳಗಿದ್ದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ನಾನು ಆರ್ಮರರ್ ಆಗಿದ್ದೆ. ಬಂದೂಕುಗಳ ರಿಪೇರಿ, ಸ್ವಚ್ಛತೆ, ಗುರಿ ಸರಿಪಡಿಸುವುದು ನನ್ನ ಕೆಲಸ. ಭಾರತೀಯ ಸೈನ್ಯದಲ್ಲಿ ಮಾಡುತ್ತಿದ್ದುದೂ ಅದನ್ನೇ. ಯಜಮಾನರು ಕ್ಲಬ್ಬಿನ ಹಳೆಯ ಸದಸ್ಯರು, ಕತಾರಿನವರು, ಐವತ್ತು ದಾಟಿದವರು, ಕಟ್ಟಡ ಸಾಮಗ್ರಿಯ ವ್ಯಾಪಾರಿ. ಅವರದು ಗಲ್ಫಿನ ಹಿಂದಿ, ನನ್ನದು ಸೈನ್ಯದ ಹಿಂದಿ. ನಡುವೆ ಇಂಗ್ಲಿಷು, ಅರಬಿ ಸೇರಿಕೊಂಡು ನಮ್ಮ ಮಾತು ಹೇಗೋ ನಡೆಯುತ್ತಿತ್ತು. ಅದನ್ನು ಇಲ್ಲಿ ಕನ್ನಡಕ್ಕಿಳಿಸಿದ್ದೇನೆ.

ಚಿಕ್ಕಂದಿನಿಂದ ತಂದೆಯ ಜೊತೆ ಗಿಡುಗ ಹಾರಿಸಿ ಬೇಟೆಯಾಡಿದವರು ಅವರು. ರೈಫಲ್ ಹಿಡಿದು ಹೊಡೆದದ್ದು ಮಾತ್ರ ಕಾಗದಕ್ಕೆ. ಆ ವರ್ಷ ಹೆಂಡತಿ ಮತ್ತು ಆಗಷ್ಟೇ ಶಾಲೆ ಮುಗಿಸಿದ್ದ ಮಗಳನ್ನು ಕರೆದುಕೊಂಡು ನಮೀಬಿಯಾಕ್ಕೆ ಹೋಗುವುದೆಂದು ತೀರ್ಮಾನಿಸಿದ್ದರು. ಅಲ್ಲಿ ಬೇಟೆಗೆಂದೇ ಬಿಟ್ಟ ದೊಡ್ಡ ಖಾಸಗಿ ಜಮೀನುಗಳಿವೆ. ಆನೆ, ಸಿಂಹ, ಕಾಡೆಮ್ಮೆಗಳ ಅಪಾಯದ ಬೇಟೆಯಲ್ಲ ಇವರದು. ಬಯಲಿನಲ್ಲಿ ಮೇಯುವ ಕುಡು, ಸ್ಪ್ರಿಂಗ್‌ಬಾಕ್, ಓರಿಕ್ಸ್‌ನಂಥ ಜಿಂಕೆ ಜಾತಿಯ ಪ್ರಾಣಿಗಳ ಬೇಟೆ. ಮಾಂಸವನ್ನು ಅಲ್ಲೇ ಅಡುಗೆಗೆ ಬಳಸುತ್ತಾರೆ, ಉಳಿದದ್ದು ಜಮೀನಿನ ಕೆಲಸದವರಿಗೆ ಹೋಗುತ್ತದೆ. ಇಡೀ ಕುಟುಂಬಕ್ಕೆ ಇದು ಮೊದಲ ಸಲ. ಎರಡು ರೈಫಲುಗಳನ್ನೂ ಅವನ್ನು ಹಿಡಿಯುವ ಕೈಗಳನ್ನೂ ತಯಾರು ಮಾಡಿ ಕಳಿಸುವುದು ನನ್ನ ಪಾಲಿಗೆ ಬಂದಿತ್ತು.

ಯಜಮಾನರದು ಮುನ್ನೂರು ಮ್ಯಾಗ್ನಮ್. ಜೋರಾಗಿ ಒದೆಯುವ ರೈಫಲು. ಮಗಳಿಗೆ ಸಣ್ಣ ಗುಂಡಿನ ಇನ್ನೂರ ಎಪ್ಪತ್ತರದ್ದು, ಹಗುರ, ಒದೆತವೂ ಮೆದು. ಹೆಂಡತಿ ಬಂದೂಕು ಮುಟ್ಟುವುದಿಲ್ಲವೆಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಗಾವಾ ಎನ್ನುವ ಅರಬಿ ಕಾಫಿ ತುಂಬಿದ ಫ್ಲಾಸ್ಕು, ಖರ್ಜೂರದ ಡಬ್ಬಿ ಇಟ್ಟುಕೊಂಡು ಹಿಂದಿನ ಬೆಂಚಿನ ಮೇಲೆ ಕೂರುವರು. “ನಾನು ಫೋಟೋ ತೆಗೆಯಲಿಕ್ಕೆ ಹೋಗುವವಳು” ಎನ್ನುವರು.

ಕ್ಲಬ್ಬಿನ ಮೇಜಿನ ಮೇಲೆ ಮರಳುಚೀಲಕ್ಕೆ ಆನಿಸಿ ಹೊಡೆಯುವುದು ಒಂದು, ಬಯಲಿನಲ್ಲಿ ನಿಂತು ಹೊಡೆಯುವುದು ಇನ್ನೊಂದು. ಅಲ್ಲಿ ಜೊತೆಗೆ ಬರುವ ಬೇಟೆಗಾರ ಮೂರು ಕಾಲಿನ ಕೋಲೊಂದನ್ನು ನೆಲಕ್ಕೂರುತ್ತಾನೆ. ಅದರ ಕವಲಿನ ಮೇಲೆ ರೈಫಲಿಟ್ಟು, ನಿಂತುಕೊಂಡೇ ಹೊಡೆಯಬೇಕು. ಅದಕ್ಕೇ ನಾನು ಮೊದಲ ವಾರದಲ್ಲೇ ಅವರನ್ನು ಮೇಜಿನಿಂದ ಎಬ್ಬಿಸಿದೆ. ಬಿದಿರಿನಿಂದ ಕೋಲು ಕಟ್ಟಿದೆ. ದೊಡ್ಡ ರಟ್ಟುಗಳ ಮೇಲೆ ಪ್ರಾಣಿಗಳ ಆಕಾರ ಬರೆದು ನಿಲ್ಲಿಸಿದೆ. ಹೊಡೆಯಬೇಕಾದ ಜಾಗಕ್ಕೆ ಬೇಕೆಂದೇ ಗುರುತು ಹಾಕಲಿಲ್ಲ. ಪ್ರಾಣಿಯ ಮೈಮೇಲೆ ಗುರುತು ಇರುವುದಿಲ್ಲವಲ್ಲ.

“ಮುಂಗಾಲಿನ ಗೆರೆ ಹಿಡಿದು ಮೇಲಕ್ಕೆ ಬನ್ನಿ. ಎದೆಯ ಮೂರನೇ ಒಂದು ಭಾಗ ಏರಿದ ಕಡೆ ನಿಲ್ಲಿ. ಅಲ್ಲಿ ಮಾತ್ರ” ಎಂದು ದಿನವೂ ಹೇಳುತ್ತಿದ್ದೆ. ಗುಂಡು ಒಂದು ಗೇಣು ಹಿಂದೆ ಬಿದ್ದರೆ ಅದು ಹೊಟ್ಟೆಗೆ. ಪ್ರಾಣಿ ಬೀಳದೆ ಓಡುತ್ತದೆ, ದಿನವಿಡೀ ನರಳುತ್ತದೆ. ಹಾಗಾಗಬಾರದು ಎನ್ನುವುದೊಂದೇ ನನ್ನ ಆತಂಕವಾಗಿತ್ತು. ಯಜಮಾನರ ಆತಂಕವೂ ಅದೇ. ಟ್ರಿಗರ್ ಒತ್ತುವ ಮೊದಲು ಬಿಸ್ಮಿಲ್ಲಾ ಹೇಳಬೇಕೆಂದು ಮಗಳಿಗೆ ಕಲಿಸುತ್ತಿದ್ದರು. ಆ ಹೆಸರು ಹೇಳಿ ಹೊಡೆದ ಗುಂಡು ಕೆಟ್ಟ ಜಾಗಕ್ಕೆ ಬೀಳಬಾರದು ಎನ್ನುತ್ತಿದ್ದರು.

ಓರಿಕ್ಸ್‌ನ ರಟ್ಟು ಎದುರು ಬಂದ ದಿನ ಮಗಳು ರೈಫಲ್ ಕೆಳಗಿಳಿಸಿದಳು.

“ಇದು ನಮ್ಮ ದೇಶದ ಪ್ರಾಣಿ. ಇದಕ್ಕೆ ನಾನು ಹೊಡೆಯೋದಿಲ್ಲ.”

“ಅಲ್ಲಿಯದು ಬೇರೆ ಜಾತಿ, ಮಗಳೇ” ಎಂದರು ಯಜಮಾನರು.

“ಮುಖ ಅದೇ ಅಲ್ವಾ ಬಾಬಾ?”

ನಾನು ಹೋಗಿ ರಟ್ಟನ್ನು ತಿರುಗಿಸಿ, ಹಿಂದೆ ತಿರುಚು ಕೊಂಬಿನ ಕುಡುವೊಂದನ್ನು ಬರೆದು ಬಂದೆ. ಅದಕ್ಕೆ ಚೆನ್ನಾಗಿಯೇ ಹೊಡೆದಳು.

ತೊಂದರೆಯಿದ್ದದ್ದು ಯಜಮಾನರಿಗೆ. ನೊಣದ ಮಾತು ಬಂದ ದಿನ ನಾನು ಸ್ಕೋಪನ್ನು ವರ್ಕ್‌ಶಾಪಿಗೆ ಒಯ್ದು, ಮುಂಬದಿಯ ಗಾಜಿನಿಂದ ಟಾರ್ಚ್ ಬಿಟ್ಟು ನೋಡಿದ್ದೆ. ಒಳಗೆ ಧೂಳಿದ್ದರೆ ಹೊಳೆಯಬೇಕು. ಹೊಳೆಯಲಿಲ್ಲ. ಹಾಗಾದರೆ ಇದು ತೇವದ ಆಟವಿರಬೇಕು ಅಂದುಕೊಂಡೆ. ಕತಾರಿನ ಕಡಲದಂಡೆಯ ಬೇಸಿಗೆಯಲ್ಲಿ ಎಸಿ ಕಾರಿನಿಂದ ಹೊರತೆಗೆದ ಗಾಜು ಕ್ಷಣದಲ್ಲಿ ಬೆವರುತ್ತದೆ. ಮರುದಿನದಿಂದ ರೈಫಲನ್ನು ಕಾರಿನಿಂದಿಳಿಸಿ, ಜಗಲಿಯಲ್ಲಿ ಚೆನ್ನಾಗಿ ಬೆಚ್ಚಗಾಗಲು ಬಿಟ್ಟು ಆಮೇಲೆ ಕೈಗೆ ಕೊಟ್ಟೆ.

“ನೊಣ ಇದೆ” ಎಂದರು. “ಇವತ್ತು ಒಂದು ನೂಲಿನ ಎಳೆಯೂ ಜೊತೆಗಿದೆ.”

ಅವರದು ದಪ್ಪ ಕನ್ನಡಕ. ಗುರಿಯಿಡುವಾಗ ತೆಗೆದಿಡುತ್ತಿದ್ದರು. ಅದಕ್ಕಾಗಿ ಕಣ್ಣಿನ ಕಡೆಯ ಗಾಜನ್ನು ಅವರ ದೃಷ್ಟಿಗೆ ತಿರುಗಿಸಿಕೊಟ್ಟಿದ್ದೆ. ಅದು ಜಾರಿರಬಹುದೆಂದು ಮತ್ತೆ ಸರಿ ಮಾಡಿದೆ. ಪ್ರಯೋಜನವಾಗಲಿಲ್ಲ. ಕೊನೆಗೆ ಕ್ಲಬ್ಬಿನ ಸ್ಟೋರಿನಿಂದ ಬೇರೆ ಕಂಪನಿಯ ಸ್ಕೋಪ್ ತಂದು ಕೂರಿಸಿದೆ. ಇದು ಐದು ನಿಮಿಷದ ಕೆಲಸವಲ್ಲ. ಸ್ಕೋಪನ್ನು ಹಿಡಿಯುವ ಬಳೆಗಳನ್ನು ಒರೆಸಿ, ಸ್ಕ್ರೂಗಳನ್ನು ಒಂದೇ ಬಿಗಿತಕ್ಕೆ ಅಳತೆಯ ಸ್ಕ್ರೂಡ್ರೈವರಿನಿಂದ ಸರದಿಯಂತೆ ಬಿಗಿದು, ಅಡ್ಡಗೆರೆ ಮಟ್ಟವಾಗಿದೆಯೇ ನೋಡಿ, ಆಮೇಲೆ ಗುಂಡು ಹೊಡೆದು, ಗುರಿಯಿಟ್ಟಲ್ಲೇ ಬೀಳುವಂತೆ ಜೀರೋ ಮಾಡಬೇಕು. ಹೊಸ ಸ್ಕೋಪಿನಲ್ಲಿ ಮೊದಲ ಕೆಲವು ಗುಂಡು ಚೆನ್ನಾಗಿಯೇ ಬಿದ್ದವು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವರು ತಲೆಯೆತ್ತಿದರು.

“ಇದರಲ್ಲೂ ಇದೆ.”

ಆಗ ನನಗೆ ಸಿಟ್ಟು ಬಂದದ್ದು ನಿಜ. ಗುರಿ ತಪ್ಪಿದವರು ಬಂದೂಕಿನ ಮೇಲೆ ದೂರು ಹೇಳುವುದನ್ನು ನಾನು ಸೈನ್ಯದಲ್ಲಿ ಸಾಕಷ್ಟು ಕೇಳಿದ್ದೆ. ಆದರೆ ಇವರು ಆ ಜಾತಿಯವರಲ್ಲ. ತಪ್ಪಿದ್ದನ್ನು ತಪ್ಪಿದೆ ಎಂದೇ ಹೇಳುವವರು. ಅವರ ಗುಂಡುಗಳು ಬೀಳುವ ರೀತಿಯನ್ನು ಗಮನಿಸಿದೆ. ಗುರಿ ಹಿಡಿದು ಬಹಳ ಹೊತ್ತು ಕಾಯುತ್ತಾರೆ, ಏನೋ ಸರಿಯಲೆಂದು ಕಾಯುವವರಂತೆ. ಆಮೇಲೆ ಗಬಕ್ಕನೆ ಟ್ರಿಗರ್ ಎಳೆಯುತ್ತಾರೆ. ಗುಂಡು ಕೆಳಕ್ಕೆ, ಬಲಕ್ಕೆ.

ರೈಫಲನ್ನೇ ಬಿಚ್ಚಿದೆ. ನಳಿಗೆಯೊಳಗಿನ ತಾಮ್ರದ ಪದರ ತೆಗೆದೆ. ನಳಿಗೆಗೂ ಮರಕ್ಕೂ ನಡುವೆ ಕಾಗದದ ಚೀಟಿ ಸರಾಗವಾಗಿ ಓಡುತ್ತದೆಯೇ ಎಂದು ಉದ್ದಕ್ಕೂ ಎಳೆದು ನೋಡಿದೆ. ಎಲ್ಲ ಜೋಡಿಸಿ, ಮರಳುಚೀಲದ ಮೇಲಿಟ್ಟು ನಾನೇ ಹೊಡೆದೆ. ಮೂರು ತೂತುಗಳು ಒಂದನ್ನೊಂದು ಮುಟ್ಟಿಕೊಂಡು ಬಿದ್ದವು. ಕಾಗದ ತಂದು ಅವರ ಮುಂದಿಟ್ಟೆ.

“ನಿನ್ನನ್ನು ಕಂಡರೆ ಈ ನೊಣಕ್ಕೆ ಹೆದರಿಕೆ” ಎಂದರು. ಈ ಸಲ ನಗು ಅಷ್ಟು ಸಲೀಸಾಗಿ ಬರಲಿಲ್ಲ.

ಜೂನ್ ತಿಂಗಳ ಬಿಸಿಲು ಏರಿದ ಮೇಲೆ ಹೊರಗಿನ ಅಭ್ಯಾಸ ನಿಲ್ಲಿಸಿ ಒಳಾಂಗಣಕ್ಕೆ ಬಂದೆವು. ಅದು ಉದ್ದನೆಯ ಸುರಂಗದಂಥ ಕೋಣೆ. ಗುರಿಯ ಮೇಲೆ ಮಾತ್ರ ಬೆಳಕು, ಹೊಡೆಯುವ ಜಾಗ ಮಬ್ಬು. ಪ್ರಯಾಣಕ್ಕೆ ಇನ್ನೊಂದು ವಾರವಿತ್ತು. ಯಜಮಾನರು ರೈಫಲ್ ಎತ್ತಿದವರು ಇಳಿಸಿ, “ಬಲಗಡೆಯ ಟ್ಯೂಬ್‌ಲೈಟ್ ಮಿನುಗುತ್ತಿದೆ, ಸರಿ ಮಾಡಿಸು” ಎಂದರು.

ಕ್ಲಬ್ಬಿನ ಎಲೆಕ್ಟ್ರಿಷಿಯನ್ ಬಂದು ಟ್ಯೂಬ್ ಬದಲಿಸಿದ. ಅವರು ಮತ್ತೆ ಗುರಿಯಿಟ್ಟು, ಮತ್ತೆ ಇಳಿಸಿದರು. ಇನ್ನೂ ಮಿನುಗುತ್ತಿದೆಯಂತೆ. ಸ್ಟಾರ್ಟರ್ ಬದಲಾಯಿತು. ಕೊನೆಗೆ ಆತ ಬೇಸತ್ತು ಟ್ಯೂಬನ್ನೇ ಬಿಚ್ಚಿ ಕೈಯಲ್ಲಿ ಹಿಡಿದು ಹೊರಟುಹೋದ.

ಯಜಮಾನರು ಮೂರನೆಯ ಸಲ ಗುರಿಯಿಟ್ಟರು. “ಈಗಲೂ ಮಿಂಚಿತು” ಎಂದರು.

ಹಿಂದೆ ಕೂತಿದ್ದ ಅವರ ಹೆಂಡತಿ ತಲೆಯೆತ್ತಿ ಟ್ಯೂಬಿಲ್ಲದ ಖಾಲಿ ಪಟ್ಟಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಗಾಜಿನ ಮೇಲೆ ಎಲ್ಲಿಂದಲೋ ಬೆಳಕು ಬೀಳುತ್ತಿರಬೇಕು ಮೇಡಂ” ಎಂದೆ. ಅವತ್ತಿಗೆ ಸಾಕೆಂದು ಅವರೆಲ್ಲ ಎದ್ದುಹೋದರು.

ಅಂದು ಸಂಜೆ ಎರಡೂ ಸ್ಕೋಪುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಲ್ ಖೋರಿಗೆ ಹೋದೆ. ಅಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವರು ನಮ್ಮ ಉಡುಪಿ ಕಡೆಯವರು, ನನಗೆ ಕೆಲವು ವರ್ಷಗಳ ಸ್ನೇಹಿತರು. ಗಾಜನ್ನು ದೊಡ್ಡದು ಮಾಡಿ ನೋಡುವ ಉಪಕರಣ ಅವರ ಬಳಿಯಿತ್ತು. ರಾಸ್ ಲಫ್ಫಾನಿನ ಗ್ಯಾಸ್ ಕಂಪನಿಗಳ ಬಸ್ಸುಗಳು ಬಂದು ನಿಲ್ಲುವ ಹೊತ್ತು. ಅಂಗಡಿ ತುಂಬ ಜನ. ಅವರೆಲ್ಲ ಹೋಗುವವರೆಗೆ ಕಾದೆ. ಸ್ನೇಹಿತರು ಒಂದೊಂದೇ ಸ್ಕೋಪನ್ನು ದೀಪದ ಕೆಳಗಿಟ್ಟು ತಿರುಗಿಸಿ ತಿರುಗಿಸಿ ನೋಡಿದರು.

“ಇದ್ರಲ್ಲಿ ಎಂತದೂ ಇಲ್ಲ ಮಾರಾಯ್ರೆ. ನನ್ನ ಶೋಕೇಸಿನ ಗಾಜಿಗಿಂತ ಕ್ಲೀನ್ ಉಂಟು.”

“ಅದೇ ಕಣ್ರೀ ನನ್ನ ತಲೆನೋವು. ಅವ್ರೊಬ್ರಿಗೆ ಮಾತ್ರ ಕಾಣುತ್ತೆ. ಸ್ಕೋಪ್ ಬದಲಾಯಿಸಿದ್ರೂ ನೊಣ ಅದರೊಳಗೂ ಬಂತು ಅಂತಾರೆ.”

ಸ್ಕೋಪನ್ನು ಬಟ್ಟೆಗೆ ಸುತ್ತುತ್ತಿದ್ದ ಅವರ ಕೈ ನಿಂತಿತು.

“ಅವರು ಕನ್ನಡಕ ಹಾಕ್ತಾರಾ?”

“ಹೂಂ, ದೂರಕ್ಕೆ. ದಪ್ಪದ್ದು.”

“ಪ್ರಾಯ?”

“ಐವತ್ತು ದಾಟಿದೆ.”

“ಆ ನೊಣ ಒಂದೇ ಕಡೆ ಕೂತಿರ್ತದಾ, ಅಲ್ಲ ಕಣ್ಣು ತಿರುಗಿಸಿದ ಹಾಗೆ ಓಡ್ತದಾ?”

“ಓಡುತ್ತೆ ಅಂತಾನೇ ಹೇಳ್ತಾರೆ.”

“ಬೆಳಕು ಮಿಂಚಿದ ಹಾಗೆ ಎಂತಾದ್ರೂ ಹೇಳಿದ್ರಾ? ಕತ್ತಲೆಯಲ್ಲಿ, ಒಂದು ಬದಿಗೆ?”

ಟ್ಯೂಬ್‌ಲೈಟಿನ ಕಥೆ ಹೇಳಿದೆ. ಅವರು ಸ್ಕೋಪನ್ನು ಪಕ್ಕಕ್ಕಿಟ್ಟು ಸ್ಟೂಲಿನ ಮೇಲೆ ಕೂತರು.

“ನೋಡಿ, ನಾನು ಡಾಕ್ಟ್ರಲ್ಲ. ಕಣ್ಣು ನೋಡದೆ ಹೇಳ್ಲಿಕ್ಕೆ ಆಗುದೂ ಇಲ್ಲ. ಸುಮಾರು ಜನರಿಗೆ ಪ್ರಾಯ ಆದ ಹಾಗೆ ಇಂಥ ಚುಕ್ಕೆ ಕಾಣ್ತದೆ, ಏನೂ ಆಗುದಿಲ್ಲ. ಆದ್ರೆ ಚುಕ್ಕೆಯ ಒಟ್ಟಿಗೆ ಮಿಂಚು ಬಂದ್ರೆ ಕಣ್ಣಿನ ಹಿಂದೆ ಇರುವ ಪರದೆ ಹರಿದಿರ್ಲಿಕ್ಕೂ ಸಾಕು. ಹರಿದದ್ದು ಕಳಚಿಕೊಂಡ್ರೆ ಆ ಕಣ್ಣು ಹೋಯ್ತು. ಅವರು ಕೂಡ್ಲೇ ದೊಡ್ಡ ಆಸ್ಪತ್ರೆಗೆ ಹೋಗ್ಬೇಕು. ಆ ಕೋವಿ ಭುಜಕ್ಕೆ ಒದೆಯುದಿಲ್ವಾ?”

“ಒದೆಯುತ್ತೆ. ಜೋರಾಗೇ ಒದೆಯುತ್ತೆ.”

“ಆ ಪೆಟ್ಟು ತಲೆಗೂ ಹೋಗ್ತದೆ. ಇನ್ನೊಂದು ಗುಂಡು ಹೊಡೆಯಲಿಕ್ಕೆ ಬಿಡ್ಬೇಡಿ ಮಾರಾಯ್ರೆ.”

ಅಂಗಡಿಯ ಬಾಗಿಲಲ್ಲೇ ನಿಂತು ಯಜಮಾನರ ಮೊಬೈಲಿಗೆ ಕರೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಸ್ವಿಚ್ ಆಫ್. ಅವರ ಮನೆಯ ಬೇರೆ ನಂಬರು ನನ್ನ ಬಳಿ ಇರಲಿಲ್ಲ. ಬೆಳಗ್ಗೆ ಅವರು ಬರುವುದಂತೂ ಖಚಿತ, ಕೊನೆಯ ದೊಡ್ಡ ಅಭ್ಯಾಸ ಇಟ್ಟುಕೊಂಡಿದ್ದೆವು. ಹಿಂದಿರುಗುವ ದಾರಿಯಲ್ಲಿ ನನಗೆ ನಾನೇ ವಾದ ಮಾಡಿಕೊಂಡೆ. ಸ್ನೇಹಿತರು ಕಣ್ಣನ್ನು ನೋಡಿಲ್ಲ, ನಾನು ಹೇಳಿದ್ದನ್ನು ಕೇಳಿದ್ದಾರೆ ಅಷ್ಟೆ. ನಾನು ಬಂದೂಕು ರಿಪೇರಿಯವನು. ಕ್ಲಬ್ಬಿನ ಹಳೆಯ ಸದಸ್ಯರೊಬ್ಬರನ್ನು ತಡೆದು, ನಿಮ್ಮ ಕಣ್ಣು ಸರಿಯಿಲ್ಲ ಎಂದು ಹೆಂಡತಿ ಮಗಳ ಮುಂದೆ ಹೇಳಿ, ಕೊನೆಗೆ ಏನೂ ಇಲ್ಲವೆಂದಾದರೆ ನನ್ನ ವೀಸಾ ಕ್ಯಾನ್ಸಲ್ ಆಗಿ ನಾನು ಊರಿನ ವಿಮಾನದಲ್ಲಿರುತ್ತೇನೆ. ಆದರೆ ಹೇಳದೆ ಇದ್ದು, ಅವರು ಆ ಮ್ಯಾಗ್ನಮನ್ನು ಭುಜಕ್ಕಾನಿಸಿ ಟ್ರಿಗರ್ ಎಳೆದುಬಿಟ್ಟರೆ? ಆ ಚಿತ್ರವನ್ನು ಮುಂದಕ್ಕೆ ಯೋಚಿಸಲು ಧೈರ್ಯವಾಗಲಿಲ್ಲ.

ಬೆಳಗ್ಗೆ ಎಲ್ಲರಿಗಿಂತ ಮೊದಲು ವರ್ಕ್‌ಶಾಪ್ ತೆರೆದು ಎರಡೂ ರೈಫಲುಗಳ ಬೋಲ್ಟ್ ಬಿಚ್ಚಿ ನನ್ನ ಪ್ಯಾಂಟಿನ ಜೇಬಿಗಿಳಿಸಿಕೊಂಡೆ. ಬೋಲ್ಟ್ ಇಲ್ಲದ ರೈಫಲು ಬರೀ ಕಬ್ಬಿಣದ ಕೊಳವೆ.

ಯಜಮಾನರು ಬಂದರು. ಹಿಂದೆ ಹೆಂಡತಿ, ಮಗಳು.

“ಯಲ್ಲಾ ಉಸ್ತಾದ್, ಶುರು ಮಾಡೋಣ.”

“ಸರ್, ಇವತ್ತು ಈ ರೈಫಲ್ ಹಾರಿಸೋ ಹಾಗಿಲ್ಲ.”

“ಏನಾಗಿದೆ ಅದಕ್ಕೆ?”

ಏನಾದರೊಂದು ದೋಷ ಹೇಳಬಹುದಿತ್ತು. ಫೈರಿಂಗ್ ಪಿನ್ ಸರಿಯಿಲ್ಲವೆಂದರೆ ಅವರು ನಂಬುತ್ತಿದ್ದರು. ಆದರೆ ಕ್ಲಬ್ಬಿನಿಂದ ಇನ್ನೊಂದು ರೈಫಲ್ ತರಿಸುತ್ತಿದ್ದರು.

“ರೈಫಲಿಗೆ ಏನೂ ಆಗಿಲ್ಲ ಸರ್. ನೊಣ ಇರೋದು ಸ್ಕೋಪಿನಲ್ಲಲ್ಲ ಅಂತ ನನಗನ್ನಿಸುತ್ತೆ. ನಿಮ್ಮ ಕಣ್ಣು ತೋರಿಸಬೇಕು. ಇವತ್ತೇ.”

ಬೋಲ್ಟ್ ಇಲ್ಲದ ರೈಫಲನ್ನು ನೋಡಿ ಅವರ ಮುಖ ಕೆಂಪಾಯಿತು. “ನೀನು ಬಂದೂಕಿನ ಡಾಕ್ಟರೋ ಕಣ್ಣಿನ ಡಾಕ್ಟರೋ? ಬೋಲ್ಟ್ ಕೊಡು.”

“ಇಲ್ಲ ಸರ್.”

ಅವರಿಗೆ ನಾನು ಇಲ್ಲವೆಂದದ್ದು ಅದೇ ಮೊದಲು. ದನಿ ಕೇಳಿ ಕ್ಲಬ್ಬಿನ ಮ್ಯಾನೇಜರ್ ಒಳಗೆ ಬಂದರು. ವಿಷಯ ತಿಳಿದು, ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಗದರಿದರು. “ಖಲಾಸ್, ಬೋಲ್ಟ್ ಕೊಟ್ಟುಬಿಡು. ಸದಸ್ಯರ ಆರೋಗ್ಯ ನಮ್ಮ ಇಲಾಖೆಯಲ್ಲ.” ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದೆ. ಜೇಬಿನೊಳಗಿನ ಉಕ್ಕು ತೊಡೆಗೆ ತಾಗಿ ಒತ್ತುತ್ತಿತ್ತು.

ಆಗ ಯಜಮಾನರ ಹೆಂಡತಿ ಎದ್ದು ಬಂದು ನನ್ನನ್ನು ನೇರವಾಗಿ ಕೇಳಿದರು. “ಸ್ಕೋಪ್ ಇಲ್ಲದೆಯೂ ಕಾಣಬೇಕಲ್ಲ ಹಾಗಾದರೆ?”

“ಕಾಣಬೇಕು ಮೇಡಂ. ಬಿಳೀ ಗೋಡೆ ನೋಡಿದರೆ ಗೊತ್ತಾಗುತ್ತೆ.”

ಗುರಿಗೆ ಅಂಟಿಸುವ ದೊಡ್ಡ ಬಿಳಿ ಹಾಳೆ ಮೇಜಿನ ಮೇಲಿತ್ತು. ಅವರು ಅದನ್ನೆತ್ತಿ ಗಂಡನ ಮುಖದೆದುರು ಹಿಡಿದರು. “ಎಡಗಣ್ಣು ಮುಚ್ಚಿ.” ಯಜಮಾನರು ಏನೋ ಹೇಳಲು ಹೋದರು. “ಮುಚ್ಚಿ” ಎಂದರು ಮತ್ತೆ.

ಯಜಮಾನರು ಎಡಗಣ್ಣಿಗೆ ಅಂಗೈ ಮುಚ್ಚಿ ಹಾಳೆಯನ್ನು ನೋಡಿದರು. ಮೇಲೆ ನೋಡಿದರು, ಕೆಳಗೆ ನೋಡಿದರು. ಬಲಗಣ್ಣು ಮುಚ್ಚಿ ಮತ್ತೊಮ್ಮೆ ನೋಡಿದರು. ಅಂಗೈ ಕೆಳಗಿಳಿಸಿದಾಗ ಮುಖದ ಸಿಟ್ಟು ಇಳಿದುಹೋಗಿತ್ತು.

“ಬಲಗಣ್ಣಿನಲ್ಲಿ ಮಾತ್ರ” ಎಂದು ಮೆಲ್ಲಗೆ ಅಂದರು.

ಹೆಂಡತಿ ಕೈಚಾಚಿ ಅವರಿಂದ ಕಾರಿನ ಕೀ ತೆಗೆದುಕೊಂಡರು. “ನಾನು ಓಡಿಸ್ತೀನಿ.” ಮೂವರೂ ಹೊರಟುಹೋದರು. ಗಾವಾದ ಫ್ಲಾಸ್ಕು ಬೆಂಚಿನ ಮೇಲೆಯೇ ಉಳಿಯಿತು.

ಆ ದಿನ ನಾನು ಮಾಡಿದ ಕೆಲಸ ಯಾವುದೂ ನೆಟ್ಟಗಾಗಲಿಲ್ಲ. ಶಾಟ್‌ಗನ್ ಒಂದನ್ನು ಬಿಚ್ಚಿ ಜೋಡಿಸಿ, ಒಂದು ಸ್ಪ್ರಿಂಗ್ ಮೇಜಿನ ಮೇಲೆಯೇ ಉಳಿದಿದ್ದು ಕಂಡು ಮತ್ತೆ ಬಿಚ್ಚಿದೆ. ಮ್ಯಾನೇಜರ್ ಎರಡು ಸಲ ಬಾಗಿಲವರೆಗೆ ಬಂದು ನೋಡಿ ಹೋದರು. ಕಣ್ಣಿಗೆ ಏನೂ ಆಗಿರದಿರಲಿ ಎಂದೂ, ಏನೂ ಆಗಿರದಿದ್ದರೆ ನನ್ನ ಗತಿಯೇನು ಎಂದೂ ಒಟ್ಟಿಗೇ ಯೋಚಿಸುತ್ತಿದ್ದೆ. ಮಧ್ಯಾಹ್ನದ ಊಟದ ಡಬ್ಬಿ ತೆರೆಯಲಿಲ್ಲ.

ಮಧ್ಯಾಹ್ನ ಕಳೆದು ಅಸರ್ ನಮಾಜಿನ ಹೊತ್ತಿಗೆ ವರ್ಕ್‌ಶಾಪಿನ ಫೋನು ಬಡಿದುಕೊಂಡಿತು. ಮಗಳು.

“ಅಂಕಲ್, ಬಾಬಾಗೆ ಲೇಸರ್ ಮಾಡಿದ್ರು. ಈಗಷ್ಟೇ ಹೊರಗೆ ಬಂದ್ವಿ.”

“ಏನಂದ್ರು ಡಾಕ್ಟರು?”

“ಒಳಗಿನ ಪರದೆ ಹರಿದಿತ್ತಂತೆ, ಮೇಲಿನ ಮೂಲೆಯಲ್ಲಿ. ಆದ್ರೆ ಕಳಚಿಕೊಂಡಿಲ್ಲ. ಹರಿದ ಜಾಗದ ಸುತ್ತ ಲೇಸರಿನಿಂದ ಅಂಟಿಸಿದಾರೆ. ಕಣ್ಣು ಉಳೀತು ಅಂತ ಹೇಳಿದ್ರು. ಇವತ್ತು ಶೂಟ್ ಮಾಡಿದ್ರಾ ಅಂತ ಡಾಕ್ಟರ್ ಕೇಳಿದ್ರು. ಇಲ್ಲ, ಬಿಡಲಿಲ್ಲ ಅಂದೆ.”

ಫೋನಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಮ್ಯಾನೇಜರ್ ಬಂದು ನೋಡಿ ಗಾಬರಿಯಾದರು. ವಿಷಯ ಹೇಳಿದೆ. ಅವರು “ಅಲ್ ಹಮ್ದುಲಿಲ್ಲಾ” ಎಂದು ನನ್ನ ಪಕ್ಕದಲ್ಲೇ ಕುರ್ಚಿಯೆಳೆದು ಕೂತರು. ಆಮೇಲೆ, “ಬೋಲ್ಟುಗಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗಬೇಡ” ಎಂದರು. ಆಗ ನೆನಪಾಗಿ ಎರಡನ್ನೂ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅಲ್ ಖೋರಿನ ಸ್ನೇಹಿತರಿಗೆ ಫೋನ್ ಮಾಡಿದರೆ ಅತ್ತಲಿಂದ “ಬಚಾವ್ ಮಾರಾಯ್ರೆ, ಬಚಾವ್” ಎಂದು ಎರಡೆರಡು ಸಲ ಹೇಳಿದರು. ಆಮೇಲೆ ಊಟ ಮಾಡಿದೆ. ತಣ್ಣಗಾಗಿದ್ದ ಅನ್ನ ಸಾರು ಅಷ್ಟು ರುಚಿಯಾಗಿ ಎಂದೂ ಇರಲಿಲ್ಲ.

ಪ್ರಯಾಣ ಮುಂದಕ್ಕೆ ಹೋಯಿತು. ಕೆಲವು ವಾರ ಭಾರ ಎತ್ತಬಾರದು, ಮೈ ಕುಲುಕಬಾರದು, ಬಂದೂಕಂತೂ ಈ ವರ್ಷ ಭುಜಕ್ಕೆ ಬೇಡ ಎಂದು ಡಾಕ್ಟರು ಹೇಳಿದ್ದರು. ನಮೀಬಿಯಾದವರು ರಮಝಾನಿಗೆ ಮುಂಚೆ ಆಗಸ್ಟ್ ಕೊನೆಗೆ ಹೊಸ ದಿನ ಕೊಟ್ಟರು. ಯಜಮಾನರು ಹೋಗುವುದೇ ಬೇಡವೆಂದರಂತೆ. ತಾನು ಹೊಡೆಯದ ಬೇಟೆಗೆ ತಾನೇಕೆ ಎಂದು. ಜುಲೈ ನಡುವೆ ಒಂದು ಬೆಳಗ್ಗೆ ಅವರ ಹೆಂಡತಿ ಮಗಳ ಜೊತೆ ವರ್ಕ್‌ಶಾಪಿಗೆ ಬಂದು, ಇನ್ನೂರ ಎಪ್ಪತ್ತರ ರೈಫಲನ್ನು ತೋರಿಸಿ ಕೇಳಿದರು. “ಇದನ್ನು ನಾನು ಹೊಡೆಯಲು ಕಲಿಯಬಹುದಾ? ಅಷ್ಟು ದಿನದಲ್ಲಿ ಆಗುತ್ತಾ?”

“ಆಗುತ್ತೆ ಮೇಡಂ” ಎಂದೆ. ಆಗುತ್ತದೆಂಬ ನಂಬಿಕೆ ನನಗೂ ಪೂರ್ತಿ ಇರಲಿಲ್ಲ.

ಮೊದಲು ಅಳತೆ. ಅವರು ಮಗಳಿಗಿಂತ ಗಿಡ್ಡ, ತೋಳು ಚಿಕ್ಕದು. ಭುಜಕ್ಕಾನಿಸುವ ಬಟ್ ಉದ್ದವಾಗಿ ಕಣ್ಣು ಸ್ಕೋಪಿನಿಂದ ದೂರ ಉಳಿಯುತ್ತಿತ್ತು. ಬಟ್ಟಿನ ಹಿಂದಿನ ರಬ್ಬರ್ ಬಿಚ್ಚಿ, ಒಳಗಿನ ಪದರಗಳನ್ನು ತೆಗೆದು ಗಿಡ್ಡ ಮಾಡಿದೆ. ಮಗಳ ಸರದಿ ಬಂದಾಗ ಮತ್ತೆ ಹಾಕಬೇಕು, ಅದನ್ನು ಅವರಿಬ್ಬರಿಗೇ ಮಾಡಲು ಕಲಿಸಿದೆ. ಅವರು ಮೈತುಂಬ ತೊಡುವ ಅಬಾಯದ ನುಣುಪು ಬಟ್ಟೆಯ ಮೇಲೆ ಬಟ್ ಜಾರುತ್ತಿತ್ತು. ಭುಜದ ಜಾಗಕ್ಕೆ ಒಂದು ಸ್ವೇಡ್ ಚರ್ಮದ ತುಂಡು ಹೊಲಿಸಿಕೊಂಡು ಬಂದರು.

ಆಮೇಲೆ ಹೆದರಿಕೆ. ಮೊದಲ ಗುಂಡಿಗೆ ಕಣ್ಣು ಬಿಗಿಯಾಗಿ ಮುಚ್ಚಿದರು. ಎರಡನೆಯದಕ್ಕೆ ಸದ್ದಾಗುವ ಮೊದಲೇ ಭುಜ ಹಿಂದೆ ಸರಿಯಿತು. ಇದಕ್ಕೆ ಸೈನ್ಯದಲ್ಲಿ ನಾವು ಮಾಡುತ್ತಿದ್ದ ಉಪಾಯವೊಂದಿದೆ. ಮ್ಯಾಗಜಿನ್ನಿನಲ್ಲಿ ಅಸಲಿ ಗುಂಡುಗಳ ನಡುವೆ ಮದ್ದಿಲ್ಲದ ಡಮ್ಮಿಗಳನ್ನು ಸೇರಿಸುವುದು. ಯಾವುದು ಯಾವಾಗ ಬರುತ್ತದೋ ಹೊಡೆಯುವವರಿಗೆ ತಿಳಿಯದು. ಡಮ್ಮಿ ಬಂದಾಗ ಬರೀ ಟಿಕ್ ಎನ್ನುತ್ತದೆ, ಆದರೆ ಹೆದರಿದ ಕೈ ರೈಫಲಿನ ಮೂತಿಯನ್ನು ಎಳೆದುಬಿಡುತ್ತದೆ. ತಮ್ಮ ಕೈ ಹೇಗೆ ನೆಗೆಯಿತೆಂದು ಅವರೇ ನೋಡಿ ನಕ್ಕರು. ನಗು ಬಂದ ಮೇಲೆ ಕಲಿಕೆ ಬೇಗ ಆಯಿತು. ಆದರೂ ಮಧ್ಯೆ ಒಂದು ವಾರ ಗುಂಡುಗಳೆಲ್ಲ ರಟ್ಟಿನ ಕುಡುವಿನ ಹೊಟ್ಟೆಗೇ ಬಿದ್ದವು. ಅವರು ರೈಫಲ್ ಇಟ್ಟು, “ಮಾಫಿ ಫಾಯ್ದಾ, ಪ್ರಯೋಜನವಿಲ್ಲ, ನನ್ನಿಂದಾಗದು” ಎಂದು ಎದ್ದರು.

ಮರುದಿನ ಅವರ ಹಿಂದೆ ಯಜಮಾನರೂ ಬಂದರು. ಕೊರಳಲ್ಲಿ ಬೈನಾಕ್ಯುಲರ್ ಇತ್ತು. ನನ್ನ ಕೈ ಹಿಡಿದು ಕುಲುಕಿ, ಬಿಡದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಹೆಂಡತಿಯ ಹಿಂದೆ ಸ್ಟೂಲ್ ಹಾಕಿಸಿಕೊಂಡು ಕೂತು ಬೈನಾಕ್ಯುಲರ್ ಎತ್ತಿದರು.

“ಉಸಿರು ಅರ್ಧ ಬಿಡು. ನಿಲ್ಲಿಸು. ಈಗ ಕಾಲಿನ ಗೆರೆಯಲ್ಲಿದ್ದೀಯಾ?”

“ಇದ್ದೀನಿ.”

“ಅವಸರ ಇಲ್ಲ. ಪ್ರಾಣಿ ಹೋದರೆ ಹೋಗಲಿ. ಸರಿ ಅನ್ನಿಸದಿದ್ದರೆ ಹೊಡೆಯಲೇಬೇಡ.”

ಆ ಮಾತನ್ನು ನಾನು ಹೇಳಿರಲಿಲ್ಲ. ಅವತ್ತಿನಿಂದ ಗುಂಡುಗಳು ಮುಂದಕ್ಕೆ ಬರತೊಡಗಿದವು. ಆಗಸ್ಟ್ ಮೂರನೆಯ ವಾರದ ಹೊತ್ತಿಗೆ, ಕೋಲಿನ ಮೇಲೆ ರೈಫಲಿಟ್ಟು ನಿಂತು ಹೊಡೆದ ಅವರ ಗುಂಡುಗಳೆಲ್ಲ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಬೀಳುತ್ತಿದ್ದವು. ಮುನ್ನೂರು ಮ್ಯಾಗ್ನಮನ್ನು ಎಣ್ಣೆ ಸವರಿ ಕಪಾಟಿನಲ್ಲಿಟ್ಟೆ. ಒಂದೇ ರೈಫಲು ಪೆಟ್ಟಿಗೆಯೊಳಗೆ ಹೋಯಿತು. ಅಲ್ಲಿ ಇಳಿದ ಕೂಡಲೇ ಏನನ್ನೂ ಹೊಡೆಯುವ ಮೊದಲು ಕಾಗದಕ್ಕೆ ಹೊಡೆದು ಜೀರೋ ಪರೀಕ್ಷಿಸಿ ಎಂದು ಮೂವರಿಗೂ ಬೇರೆ ಬೇರೆಯಾಗಿ ಹೇಳಿದೆ. ವಿಮಾನದ ಕುಲುಕಾಟವೂ ಅಲ್ಲಿನ ಎತ್ತರದ ತೆಳು ಗಾಳಿಯೂ ಗುರಿಯನ್ನು ಸರಿಸಬಲ್ಲವು.

ಅವರು ಹೋದ ಮೇಲೆ ಸುದ್ದಿ ಇರಲಿಲ್ಲ. ಪ್ರಾಣಿ ಗಾಯಗೊಂಡು ಓಡಿತೋ, ಸ್ಕೋಪ್ ಸಡಿಲಾಯಿತೋ, ಕಣ್ಣಿಗೆ ಮತ್ತೆ ಏನಾದರೂ ಆಯಿತೋ ಎಂದು ಕೆಲಸದ ನಡುವೆ ನೆನಪಾಗುತ್ತಿತ್ತು. ಒಂದು ಬೆಳಗ್ಗೆ ಕೌಂಟರಿನಲ್ಲಿ ಸದಸ್ಯರಿಗೆ ಗುಂಡಿನ ಪೆಟ್ಟಿಗೆಗಳನ್ನು ಕೊಡುತ್ತಿದ್ದಾಗ ಫೋನು ಬಂತು. ಗರಗರ ಸದ್ದಿನ ನಡುವೆ ಅವರ ಹೆಂಡತಿಯ ದನಿ.

“ಕುಡು ಸಿಕ್ಕಿತು! ನಿನ್ನೆ ಸಂಜೆ. ಒಂದೇ ಗುಂಡು. ಎರಡು ಹೆಜ್ಜೆ ಹಾಕಿ ಬಿದ್ದುಬಿಟ್ಟಿತು. ನೀನು ಹೇಳಿದ ಜಾಗಕ್ಕೇ.”

“ಮಬ್ರೂಕ್ ಮೇಡಂ. ಮಗಳು?”

“ಅವಳು ಸ್ಪ್ರಿಂಗ್‌ಬಾಕ್ ಹೊಡೆದಳು. ಓರಿಕ್ಸ್ ತೀರಾ ಹತ್ತಿರ ಬಂದಿತ್ತು, ಹೊಡೆಯಲಿಲ್ಲ. ಅವರಪ್ಪನೂ ಏನೂ ಅನ್ನಲಿಲ್ಲ.” ಆಮೇಲೆ ದನಿ ತಗ್ಗಿಸಿ, “ಬಂದಾಗಿನಿಂದ ಅವರದು ಒಂದೇ ಕೆಲಸ. ಕಂಡದ್ದನ್ನೆಲ್ಲ ಹೇಳುತ್ತಾ ಕೂರುವುದು. ನಮಗೆ ಕೇಳಿ ಕೇಳಿ ಸಾಕಾಯಿತು. ತಗೋ, ನೀನು ಸ್ವಲ್ಪ ಕೇಳು” ಎಂದು ಫೋನನ್ನು ದಾಟಿಸಿದರು.

“ಉಸ್ತಾದ್.”

“ಸರ್, ಕಣ್ಣು ಹೇಗಿದೆ?”

“ನನ್ನ ಮುಂದೆ ನೀರಿನ ಹೊಂಡವಿದೆ” ಎಂದರು ಅವರು, ನಾನು ಕೇಳಿದ್ದೇ ಕೇಳಿಸಲಿಲ್ಲವೆನ್ನುವಂತೆ. “ಅದರಾಚೆ ಮುಳ್ಳುಮರಗಳು. ಮೂರನೆಯ ಮರದ ಕೆಳಗೆ ಕಾಡುಹಂದಿ, ಬಾಲ ನೆಟ್ಟಗೆ ನಿಲ್ಲಿಸಿಕೊಂಡಿದೆ, ಆಂಟೆನಾ ಹಾಗೆ. ಅದರ ಹಿಂದೆ ಮರಿಗಳು. ಬಲಗಡೆ, ಬಹಳ ದೂರ, ಸ್ಪ್ರಿಂಗ್‌ಬಾಕ್ ಹಿಂಡು. ಬಿಳಿ ಹೊಟ್ಟೆ ಕಾಣುತ್ತಿದೆ. ಒಂದು ಸುಮ್ಮಸುಮ್ಮನೆ ಆಕಾಶಕ್ಕೆ ನೆಗೆಯಿತು ನೋಡು. ಅದರಾಚೆ ಗುಡ್ಡ. ಗುಡ್ಡದ ಬಣ್ಣ ಬೆಳಕು ಹರಿಯುವಾಗ ನೀಲಿಯಿತ್ತು, ಈಗ ಕೆಂಪಾಗಿದೆ...”

ಕೌಂಟರಿನಾಚೆ ನಿಂತ ಸದಸ್ಯರೊಬ್ಬರು ಗಡಿಯಾರ ನೋಡಿಕೊಂಡು ಕೆಮ್ಮಿದರು. ಒಂದು ನಿಮಿಷ ಎಂದು ಅವರಿಗೆ ಕೈಸನ್ನೆ ಮಾಡಿದೆ. ಯಜಮಾನರು ಉಸಿರೆಳೆದುಕೊಂಡರು.

“ಇನ್ನೂ ಇದೆ. ಕೆಲಸದಲ್ಲಿದ್ದೀಯಾ?”

“ಇಲ್ಲ ಸರ್” ಎಂದು ಸ್ಟೂಲ್ ಎಳೆದುಕೊಂಡು ಕೂತೆ. “ಹೇಳಿ.”